ಮದುವೆ ಫೋಟೋ: ನೋಡೋದಕ್ಕೂ ಬೇಕು, ಸಾಕ್ಷಿಗೂ ಬೇಕು



ನಿಮ್ಮ ಮನೆಯಲ್ಲಿ ಮದುವೆ ಫೋಟೋ ಇದೆಯೇ? ಕೆಲವರ ಮನೆಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿರುತ್ತಾರೆ. ಕೆಲವರು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿರುತ್ತಾರೆ. ಕೆಲವರ ಹತ್ತಿರ ಒಂದೂ ಇಲ್ಲ. ಅವರ ಮದುವೆಯಲ್ಲಿ ಫೋಟೋ ತೆಗೆಸಲು ದುಡ್ಡಿರಲಿಲ್ಲ.

ಫೋಟೋ ನೋಡಿ ನಾವು ಸಂತೋಷಪಡುತ್ತೇವೆ. ತೀರಿಹೋದ ಹಿರಿಯರನ್ನು ನೆನೆಯುತ್ತೇವೆ. ಆದರೆ ಫೋಟೋ ಬರೀ ನೋಡೋದಕ್ಕಲ್ಲ. ಅದು ಒಂದು ಸಾಕ್ಷಿ. ಅದನ್ನು ತೆಗೆಯುವವರ ಕೆಲಸ ಹೇಗೆ? ತೆಗೆಸುವಾಗ ನಾವು ಏನು ನೋಡಿಕೊಳ್ಳಬೇಕು? ತಿಳಿಯೋಣ ಬನ್ನಿ.

ಬೆಳಕಿನ ಚಿತ್ರ

ಕ್ಯಾಮೆರಾ ಅಂದರೆ ಒಂದು ಕತ್ತಲೆ ಡಬ್ಬಿ. ಅದರ ಮುಂದೆ ಗಾಜಿನ ಕಣ್ಣು ಇರುತ್ತದೆ. ಅದಕ್ಕೆ ಲೆನ್ಸ್ ಅನ್ನುತ್ತಾರೆ. ಗುಂಡಿ ಒತ್ತಿದರೆ ಆ ಕಣ್ಣು ಒಂದು ಕ್ಷಣ ತೆರೆಯುತ್ತದೆ. ಬೆಳಕು ಒಳಗೆ ಹೋಗುತ್ತದೆ. ಚಿತ್ರ ಮೂಡುತ್ತದೆ.

ಮೊದಲು ಕ್ಯಾಮೆರಾದೊಳಗೆ ರೀಲು ಹಾಕುತ್ತಿದ್ದರು. ರೀಲಿಗೆ ಬೆಳ್ಳಿ ಸೇರಿದ ರಾಸಾಯನಿಕ ಬಳಿದಿರುತ್ತಿತ್ತು. ಒಂದು ರೀಲಿನಲ್ಲಿ ಸಾಮಾನ್ಯವಾಗಿ 36 ಫೋಟೋ. ಹಾಗಾಗಿ ಫೋಟೋದವರು ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಆಮೇಲೆ ಕತ್ತಲೆ ಕೋಣೆಯಲ್ಲಿ ರೀಲನ್ನು ತೊಳೆಯಬೇಕಿತ್ತು. ಚಿತ್ರ ಹೇಗೆ ಬಂದಿದೆ ಎಂದು ಆಗಲೇ ಗೊತ್ತಾಗುತ್ತಿತ್ತು.

ಈಗ ಮದುವೆಗಳಲ್ಲಿ ರೀಲು ಹಾಕುವುದಿಲ್ಲ. ಉಗುರಿನಷ್ಟು ಚಿಕ್ಕ ಕಾರ್ಡು ಸಾಕು. ಅದರಲ್ಲಿ ಸಾವಿರಾರು ಫೋಟೋ ಹಿಡಿಯುತ್ತದೆ. ಆದರೆ ಕಾರ್ಡು ಕೆಟ್ಟರೆ ಎಲ್ಲವೂ ಹೋಗಬಹುದು. ಅದಕ್ಕೇ ತಿಳಿದವರು ಅದೇ ದಿನ ಇನ್ನೊಂದು ಕಡೆ ಪ್ರತಿ ಮಾಡಿ ಇಡುತ್ತಾರೆ.

ಮುಹೂರ್ತದ ಹೊತ್ತು

ಹಳ್ಳಿಯ ಮದುವೆ ಮನೆಯಲ್ಲಿ ಫೋಟೋದವರ ಕೆಲಸ ಸುಲಭವಲ್ಲ. ಚಪ್ಪರಕ್ಕೆ ತೆಂಗಿನ ಗರಿ ಹೊದಿಸಿರುತ್ತಾರೆ. ಒಳಗೆ ಮಬ್ಬುಗತ್ತಲೆ, ಹೊರಗೆ ಸುಡುವ ಬಿಸಿಲು. ಮುಖ ಕಪ್ಪಾಗಿ ಬರುತ್ತದೆ. ಅದಕ್ಕೆ ಫ್ಲಾಶ್ ಬೆಳಕು ಹಾಕುತ್ತಾರೆ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅದಕ್ಕೇ ಹೆಚ್ಚಿನ ಬ್ಯಾಟರಿ ಇಟ್ಟುಕೊಂಡೇ ಬರುತ್ತಾರೆ.

ತಾಳಿ ಕಟ್ಟುವುದು ಒಂದು ಗಳಿಗೆ. ಇನ್ನೊಂದು ಸಲ ಕಟ್ಟಿ ಅನ್ನುವ ಹಾಗಿಲ್ಲ. ಅದೇ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕಲು ನುಗ್ಗುತ್ತಾರೆ. ಮೊಬೈಲ್ ಹಿಡಿದವರು ಅಡ್ಡ ನಿಲ್ಲುತ್ತಾರೆ. "ಸ್ವಲ್ಪ ಪಕ್ಕಕ್ಕೆ ಬನ್ನಿ ಅಣ್ಣಾ" ಎಂದು ಫೋಟೋದವರು ಕೂಗುತ್ತಲೇ ಇರುತ್ತಾರೆ. ಅವರಿಗೆ ದಾರಿ ಬಿಟ್ಟರೆ ನಮ್ಮ ಮನೆಯ ಫೋಟೋವೇ ಚೆನ್ನಾಗಿ ಬರುತ್ತದೆ.

ಅಡುಗೆಮನೆಯವರು ಎಲ್ಲಿ?

ಮದುವೆ ಆಲ್ಬಂ ಒಮ್ಮೆ ತೆಗೆದು ನೋಡಿ. ಬೀಗರು ಇದ್ದಾರೆ. ಊರಿನ ಯಜಮಾನರು ಇದ್ದಾರೆ. ಒಲೆಯ ಮುಂದೆ ಬೆವರು ಸುರಿಸಿದ ಚಿಕ್ಕಮ್ಮ ಎಲ್ಲಿ? ರಾತ್ರಿಯೆಲ್ಲಾ ತೆಂಗಿನಕಾಯಿ ತುರಿದ ಅತ್ತಿಗೆ ಎಲ್ಲಿ? ಕೂತಲ್ಲೇ ಇರುವ ಅಜ್ಜಿ ಎಲ್ಲಿ?

ಫೋಟೋದವರಿಗೆ ನಮ್ಮ ಮನೆಯವರ ಗುರುತು ಇರುವುದಿಲ್ಲ. ಯಾರು ಮುಂದೆ ಬರುತ್ತಾರೋ ಅವರ ಫೋಟೋ ತೆಗೆಯುತ್ತಾರೆ. ಹಾಗಾಗಿ ಮೊದಲೇ ಒಂದು ಪಟ್ಟಿ ಬರೆದು ಕೊಡಿ. ಅದರಲ್ಲಿ ಅಡುಗೆಮನೆಯವರ ಹೆಸರೂ ಇರಲಿ. ಪಟ್ಟಿ ಬರೆಯಲು ಈಗ ನಿಮಗೆ ಬರುತ್ತದಲ್ಲ!

ಮದುವೆ ಮುಗಿದ ಮೇಲೆ

ಹೆಣ್ಣು ಒಪ್ಪಿಸಿ, ದಿಬ್ಬಣ ಹೊರಟಿತು. ನೆಂಟರೆಲ್ಲ ಮಲಗಿದರು. ಫೋಟೋದವರ ಅರ್ಧ ಕೆಲಸ ಇನ್ನೂ ಬಾಕಿ. ಸಾವಿರ ಫೋಟೋದಲ್ಲಿ ಒಳ್ಳೆಯದು ಆರಿಸಬೇಕು. ಬಣ್ಣ ಸರಿಮಾಡಬೇಕು. ಅಚ್ಚು ಹಾಕಿಸಿ ಆಲ್ಬಂ ಕಟ್ಟಿಸಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ.

ಅವರ ದುಡಿಮೆಯೂ ರೈತರ ದುಡಿಮೆಯ ಹಾಗೆ. ಕಾಲ ನೋಡಿ ಬರುತ್ತದೆ. ವೈಶಾಖದಲ್ಲಿ ನಿದ್ದೆಗೂ ಬಿಡುವಿಲ್ಲ. ಆಷಾಢದಲ್ಲಿ ಮದುವೆಗಳೇ ಇಲ್ಲ. ಆಗ ಅರ್ಜಿಗೆ ಹಚ್ಚುವ ಸಣ್ಣ ಫೋಟೋ ತೆಗೆದು ದಿನ ಕಳೆಯಬೇಕು. ಆದ್ದರಿಂದ ಒಪ್ಪಿದ ಹಣವನ್ನು ಹೇಳಿದ ದಿನಕ್ಕೆ ಕೊಡುವುದು ನ್ಯಾಯ.

ಮಾತು ಚೀಟಿಯಲ್ಲಿರಲಿ

ಎಷ್ಟೋ ಮನೆಗಳಲ್ಲಿ ಬಾಯಿಮಾತಿನಲ್ಲೇ ಫೋಟೋ ಒಪ್ಪಿಸುತ್ತಾರೆ. ಆಮೇಲೆ ಜಗಳ ಬರುತ್ತದೆ. "ಆಲ್ಬಂ ಸೇರಿಸಿ ಹೇಳಿದ್ದಿರಿ" ಎಂದು ಹೆಣ್ಣಿನ ಮನೆಯವರು. "ಇಲ್ಲಮ್ಮ, ಆಲ್ಬಂ ಬೇರೆ" ಎಂದು ಫೋಟೋದವರು. ಬಾಕಿ ಕೊಡಲಾಗದೆ ಆಲ್ಬಂ ಸ್ಟುಡಿಯೋದಲ್ಲೇ ಉಳಿಯುವುದೂ ಉಂಟು.

ಹಾಗಾಗಿ ಮುಂಗಡ ಕೊಡುವಾಗಲೇ ಚೀಟಿ ಬರೆಸಿ. ನೀವೇ ಓದಿ ನೋಡಿ. ಅದರಲ್ಲಿ ಇವು ಇರಬೇಕು:

1. ಮದುವೆಯ ದಿನ, ಊರು
2. ಎಷ್ಟು ಫೋಟೋ, ಎಷ್ಟು ದೊಡ್ಡದು, ಆಲ್ಬಂಗೆ ಎಷ್ಟು ಹಾಳೆ
3. ವಿಡಿಯೋ ಇದೆಯೋ ಇಲ್ಲವೋ
4. ಒಟ್ಟು ಹಣ, ಮುಂಗಡ, ಬಾಕಿ
5. ಆಲ್ಬಂ ಕೊಡುವ ದಿನ
6. ಎಲ್ಲ ಫೋಟೋಗಳನ್ನೂ ಪೆನ್ ಡ್ರೈವಿನಲ್ಲಿ ಕೊಡುತ್ತಾರೋ ಇಲ್ಲವೋ
7. ಇಬ್ಬರ ಸಹಿ

ಒಂದು ಲೆಕ್ಕ ಮಾಡಿ. ಒಪ್ಪಿದ ಹಣ 30,000 ರೂಪಾಯಿ. ಮುಂಗಡ ಕೊಟ್ಟಿದ್ದು 12,000 ರೂಪಾಯಿ. ಬಾಕಿ ಎಷ್ಟು? ಅಷ್ಟು ಹಣ ಸಾಲವಿಲ್ಲದೆ ಹೊಂದುತ್ತದೆಯೇ? ಹೊಂದದಿದ್ದರೆ ಚಿಕ್ಕ ಆಲ್ಬಂ ಸಾಕು ಎನ್ನಿ. ಅದರಲ್ಲಿ ಅವಮಾನವೇನೂ ಇಲ್ಲ.

ಹಣ ಪಡೆದೂ ಫೋಟೋ ಕೊಡದಿದ್ದರೆ 1915 ನಂಬರಿಗೆ ಫೋನ್ ಮಾಡಿ. ಇದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಅಲ್ಲಿಗೆ ಹೋದಾಗ ಕೈಯಲ್ಲಿ ಚೀಟಿ ಇದ್ದರೆ ನಿಮ್ಮ ಮಾತಿಗೆ ಬಲ.

ಫೋಟೋ ಸಾಕ್ಷಿ ಹೇಳುತ್ತದೆ

ಗಂಡ ಬಿಟ್ಟುಹೋಗಿ, "ಇವಳು ನನ್ನ ಹೆಂಡತಿಯೇ ಅಲ್ಲ" ಅಂದರೆ? ಗಂಡ ತೀರಿಕೊಂಡ ಮೇಲೆ ಅವನ ಮನೆಯವರು, "ಮದುವೆ ಎಲ್ಲಾಯಿತು?" ಎಂದು ಕೇಳಿದರೆ? ಜೀವನಾಂಶ ಕೇಳಲು, ಆಸ್ತಿಯ ಪಾಲು ಕೇಳಲು ಮದುವೆಯಾದದ್ದನ್ನು ತೋರಿಸಬೇಕು. ಆಗ ಲಗ್ನಪತ್ರಿಕೆ, ಮದುವೆ ಫೋಟೋ, ಮದುವೆ ನೋಡಿದವರ ಮಾತು ಸಹಾಯಕ್ಕೆ ಬರುತ್ತವೆ.

ಆದರೆ ಫೋಟೋ ಒಂದನ್ನೇ ನಂಬಬೇಡಿ. ಮದುವೆಯನ್ನು ನೋಂದಾಯಿಸಿ. 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಒಂದು ಮಾತು ಹೇಳಿತು. ಮದುವೆ ನೋಂದಣಿ ಕಡ್ಡಾಯವಾಗಬೇಕು ಎಂದಿತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇದನ್ನು ಮಾಡಿಸಬಹುದು. ಲಗ್ನಪತ್ರಿಕೆ, ಫೋಟೋ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ತೆಗೆದುಕೊಂಡು ಹೋಗಿ. ಸಾಕ್ಷಿಗಳೂ ಜೊತೆಗಿರಲಿ. ಮದುವೆಯಾಗಿ ವರ್ಷಗಳಾದವರೂ ಹೋಗಿ ಕೇಳಬಹುದು.

ಫೋಟೋ ಇನ್ನೊಂದು ಸಾಕ್ಷಿಯನ್ನೂ ಹೇಳುತ್ತದೆ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬದೆ ಮದುವೆ ಮಾಡಿದರೆ ಅದು ಅಪರಾಧ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೀಗೆ ಹೇಳುತ್ತದೆ. ಮದುವೆ ಮಾಡಿಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಫೋಟೋದವರು "ಹುಡುಗಿ ವಯಸ್ಸೆಷ್ಟಮ್ಮ?" ಎಂದು ಕೇಳಿದರೆ ಸಿಟ್ಟಾಗಬೇಡಿ. ಕೇಳಬೇಕಾದ ಪ್ರಶ್ನೆಯೇ ಅದು. ಚಿಕ್ಕ ಹುಡುಗಿಯ ಮದುವೆ ನಡೆಯುವುದು ತಿಳಿದರೆ 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ.

ಫೋಟೋ ಕಾಪಾಡುವುದು ಹೇಗೆ?

ಒಲೆಯ ಹೊಗೆ ತಾಗುವ ಕಡೆ ಫೋಟೋ ಬೇಡ. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಗೂ ಬೇಡ. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಳೆಯ ಫೋಟೋ ಮಾಸುತ್ತಿದ್ದರೆ ಸ್ಟುಡಿಯೋಕ್ಕೆ ಕೊಟ್ಟು ಹೊಸ ಪ್ರತಿ ಮಾಡಿಸಿ.

ಮೊಬೈಲಿನಲ್ಲಿರುವ ಫೋಟೋ ಶಾಶ್ವತವಲ್ಲ. ಮೊಬೈಲ್ ಕಳೆದರೆ ಫೋಟೋವೂ ಹೋಗಬಹುದು. ವಾಟ್ಸಾಪಿನಲ್ಲಿ ಬಂದ ಫೋಟೋ ಸಾಮಾನ್ಯವಾಗಿ ಕುಗ್ಗಿರುತ್ತದೆ. ದೊಡ್ಡದು ಮಾಡಿಸಿದರೆ ಮಸುಕಾಗುತ್ತದೆ. ಆದ್ದರಿಂದ ಮುಖ್ಯವಾದ ನಾಲ್ಕು ಫೋಟೋಗಳನ್ನಾದರೂ ಕಾಗದದ ಮೇಲೆ ತೆಗೆಸಿ ಇಡಿ. ತಾಳಿ ಕಟ್ಟುವುದು ಒಂದು. ಗಂಡು ಹೆಣ್ಣು ಜೊತೆ ನಿಂತದ್ದು ಒಂದು. ಎರಡೂ ಮನೆಯವರು ಸೇರಿದ್ದು ಒಂದು. ಹಿರಿಯರು ಹರಸುತ್ತಿರುವುದು ಒಂದು.

ಹೆಣ್ಣುಮಕ್ಕಳೂ ಕಲಿಯಬಹುದು

ಫೋಟೋ ತೆಗೆಯುವುದು ಗಂಡಸರ ಕೆಲಸ ಎಂದು ಯಾರು ಹೇಳಿದರು? ಹೊಮಾಯ್ ವ್ಯಾರಾವಾಲಾ ಎಂಬ ಹೆಣ್ಣುಮಗಳು ಪತ್ರಿಕೆಗಳಿಗೆ ಫೋಟೋ ತೆಗೆದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದ ಚಿತ್ರಗಳನ್ನು ಸೀರೆ ಉಟ್ಟೇ ತೆಗೆದವರು ಅವರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು.

ನಮ್ಮ ರಾಜ್ಯದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಹಳ್ಳಿಯ ಯುವಕ ಯುವತಿಯರಿಗೆ ಅಲ್ಲಿ ಕಸುಬು ಕಲಿಸುತ್ತಾರೆ. ಫೋಟೋ, ವಿಡಿಯೋ ತೆಗೆಯುವುದೂ ಅದರಲ್ಲಿ ಒಂದು. ತರಬೇತಿ, ಊಟ, ವಸತಿ ಉಚಿತ. ಇದೇ ಮಾದರಿಯ ಸಂಸ್ಥೆಗಳು ಬೇರೆ ಜಿಲ್ಲೆಗಳಲ್ಲೂ ಇವೆ. ನಿಮ್ಮ ಮಗಳಿಗೆ ಆಸೆ ಇದ್ದರೆ ಬ್ಯಾಂಕಿನಲ್ಲಿ ವಿಚಾರಿಸಿ.

ಕೊನೆಗೆ ನಿಮಗೊಂದು ಕೆಲಸ

ಹಳೆಯ ಫೋಟೋಗಳನ್ನು ಕೆಳಗಿಳಿಸಿ. ಧೂಳು ಒರೆಸಿ. ಅತ್ತೆಯವರನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. "ಇವರು ಯಾರು? ಇದು ಯಾವ ವರ್ಷ?" ಎಂದು ಕೇಳಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಹೆಸರು, ಊರು, ವರ್ಷ, ಇಷ್ಟು ಸಾಕು. ಹಿರಿಯರು ಹೋದ ಮೇಲೆ ಹೇಳುವವರು ಇರುವುದಿಲ್ಲ. ಹೆಸರಿಲ್ಲದ ಮುಖ ಮೊಮ್ಮಕ್ಕಳಿಗೆ ಯಾರೋ ಒಬ್ಬರು. ನೀವು ಬರೆದಿಟ್ಟರೆ ಅವರೇ ಮುತ್ತಜ್ಜಿ.