ವಾಲಿಬಾಲ್ ಶಿಕ್ಷಕಿ ಮತ್ತು ಆಕೆಯ ಪರಿವಾರ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಬಣಕಲ್)

ಬಿ.ಎ. ತರಗತಿಯ ಕೊನೆಯ ವರ್ಷಕ್ಕೆ ಬಂದವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ: ಮುಂದೇನು? ಓದುಬರಹ ಬಲ್ಲವರ ಮನೆಗಳಲ್ಲಿ ಇದಕ್ಕೆ ಉತ್ತರ ಹೇಳಲು ಅಣ್ಣನೋ ಚಿಕ್ಕಪ್ಪನೋ ಇರುತ್ತಾರೆ. ಕಾಲೇಜಿನ ಮೆಟ್ಟಿಲನ್ನು ಮೊದಲ ಬಾರಿಗೆ ತುಳಿದವರು ನಾವೇ ಆಗಿರುವ ಮನೆಗಳಲ್ಲಿ ಪ್ರಶ್ನೆ ಕೇಳುವವರಿದ್ದಾರೆ, ಉತ್ತರ ಹೇಳುವವರಿಲ್ಲ. ನಾನು ಕ್ರೀಡಾ ಶಿಕ್ಷಕಿಯಾಗುತ್ತೇನೆಂದು ಹೇಳಿದ ದಿನ, ಕಾಫಿ ಕುಯ್ಲಿನಿಂದ ಬಂದು ಕೈ ತೊಳೆಯುತ್ತಿದ್ದ ನಮ್ಮ ಅವ್ವ, “ಚೆಂಡು ಹೊಡೆದರೆ ಹೊಟ್ಟೆ ತುಂಬ್ತದೇನೆ?” ಎಂದು ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಓದಿ, ಕೇಳಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟದ ಹುಟ್ಟು

ವಾಲಿಬಾಲ್ ನಮ್ಮ ಮಲೆನಾಡಿಗೆ ಅಪರಿಚಿತವಾದ ಆಟವಲ್ಲ. ಗುಡ್ಡಗಾಡಿನ ನಮ್ಮ ಊರುಗಳಲ್ಲಿ ಸಮತಟ್ಟಾದ ಜಾಗವೇ ದುರ್ಲಭ. ಈ ಆಟಕ್ಕಾದರೋ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಗಳವೊಂದಿದ್ದರೆ ಸಾಕು. ಆದುದರಿಂದಲೇ ಕಾಫಿ ಒಣಗಿಸುವ ಕಣ ಬರಿದಾದೊಡನೆ ಅಲ್ಲಿ ಎರಡು ಕಂಬ ನಿಲ್ಲುತ್ತವೆ, ಬಲೆ ಏರುತ್ತದೆ. ಬೇಸಗೆಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ನೆರೆಯುವ ಜನರನ್ನು ನೋಡಿದವರಿಗೆ ಇದರ ಆಕರ್ಷಣೆಯನ್ನು ವಿವರಿಸಬೇಕಾದುದಿಲ್ಲ.

ಈ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕನು ರೂಪಿಸಿದನು. ಬ್ಯಾಸ್ಕೆಟ್‌ಬಾಲ್ ಆಡಿ ದಣಿಯುತ್ತಿದ್ದ ಮಧ್ಯವಯಸ್ಕರಿಗಾಗಿ ಸೌಮ್ಯವಾದ ಒಂದು ಆಟ ಬೇಕೆಂಬುದು ಆತನ ಉದ್ದೇಶವಾಗಿತ್ತು. ಆತನು ಕೆಲಸ ಮಾಡುತ್ತಿದ್ದ ವೈ.ಎಂ.ಸಿ.ಎ. ಸಂಸ್ಥೆಯೇ ಇದನ್ನು ಏಷ್ಯಾ ಖಂಡಕ್ಕೂ ತಂದಿತು. ಅದೇ ಸಂಸ್ಥೆಯ ಆಶ್ರಯದಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಶಾಲೆಗಳಿಗೆ ‘ಡ್ರಿಲ್ ಮಾಸ್ತರು’ಗಳನ್ನು ಒದಗಿಸಿದ ತವರು ಅದು. 1951ರಲ್ಲಿ ಭಾರತದ ವಾಲಿಬಾಲ್ ಫೆಡರೇಷನ್ ಹುಟ್ಟಿತು.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರಿದಾಗ ಪುರುಷರ ಜೊತೆಗೆ ಮಹಿಳೆಯರಿಗೂ ಸ್ಪರ್ಧೆ ಏರ್ಪಟ್ಟಿತು. ಮಹಿಳೆಯರ ಚಿನ್ನ ಜಪಾನಿಗೆ ಸಂದಿತು. ಆ ತಂಡದ ಬಹುಪಾಲು ಆಟಗಾರ್ತಿಯರು ಒಂದು ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಹುಡುಗಿಯರು; ಹಗಲು ಕೆಲಸ, ಕೆಲಸ ಮುಗಿದ ಮೇಲೆ ಅಭ್ಯಾಸ. ಅವರನ್ನು ತಿದ್ದಿದ ಶಿಕ್ಷಕ ಹಿರೊಬುಮಿ ದೈಮತ್ಸು ಎಂಬಾತ. ಆಡಿದವರು ಹೆಂಗಸರು, ಆಡಿಸಿದವನು ಗಂಡಸು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಶಿಕ್ಷಕಿಯ ಕೆಲಸವೇನು?

ಪಂದ್ಯ ನಡೆಯುವಾಗ ಅಂಗಳದ ಪಕ್ಕದಲ್ಲಿ ನಿಂತು ಕೂಗುವುದೇ ಶಿಕ್ಷಕಿಯ ಕೆಲಸವೆಂದು ಹಲವರ ಭಾವನೆ. ನಿಜಸ್ಥಿತಿ ಬೇರೆ. ಅಂತಾರಾಷ್ಟ್ರೀಯ ನಿಯಮದಂತೆ ಒಂದು ಸೆಟ್ಟಿನಲ್ಲಿ ಆಕೆ ಆಟವನ್ನು ನಿಲ್ಲಿಸಿ ತನ್ನವರೊಡನೆ ಮಾತಾಡಬಹುದಾದುದು ಎರಡೇ ಸಲ, ಪ್ರತಿ ಸಲವೂ 30 ಸೆಕೆಂಡು. ಆಟಗಾರ್ತಿಯರನ್ನು ಬದಲಾಯಿಸಬಹುದಾದುದು ಆರು ಸಲ. ಎಂದ ಮೇಲೆ ಪಂದ್ಯದ ವೇಳೆಯಲ್ಲಿ ಆಕೆಯ ಕೈಯಲ್ಲಿರುವುದು ಅತ್ಯಲ್ಪ. ಉಳಿದ ಕೆಲಸವೆಲ್ಲ ಪಂದ್ಯಕ್ಕೆ ಮುಂಚೆಯೇ ಮುಗಿದಿರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಎದುರಾಳಿಯ ಕೈಯಿಂದ ಸರ್ವಿಸ್ ಕಿತ್ತುಕೊಂಡಾಗಲೆಲ್ಲ ನಮ್ಮ ಆರು ಮಂದಿಯೂ ಗಡಿಯಾರದ ಮುಳ್ಳಿನಂತೆ ಒಂದೊಂದು ಸ್ಥಾನ ಸರಿಯಬೇಕು. ಹೀಗೆ ಒಂದು ತಂಡಕ್ಕೆ ಆರು ಬಗೆಯ ನಿಲುವುಗಳು ಒದಗುತ್ತವೆ. ಒಂದು ನಿಲುವಿನಲ್ಲಿ ಬಲವಾಗಿ ಹೊಡೆಯುವವರೆಲ್ಲ ಹಿಂದಿನ ಸಾಲಿನಲ್ಲಿದ್ದು, ಗಿಡ್ಡನೆಯ ಲಿಫ್ಟರ್ ಬಲೆಯ ಎದುರಿಗೆ ಬಂದು ನಿಲ್ಲಬಹುದು. ಮಹಿಳೆಯರ ಬಲೆಯ ಎತ್ತರ 2.24 ಮೀಟರ್. ಆ ಹೊತ್ತಿನಲ್ಲಿ ಎದುರಾಳಿ ನಾಲ್ಕೈದು ಅಂಕ ಒಟ್ಟಿಗೇ ಕಸಿದುಕೊಂಡರೆ ಸೋಲು ಅಲ್ಲಿಯೇ ನಿಶ್ಚಿತ. ಯಾವ ನಿಲುವು ದುರ್ಬಲ, ಅದನ್ನು ಬೇಗ ದಾಟುವ ಉಪಾಯವೇನು ಎಂಬುದನ್ನು ಮೊದಲೇ ಲೆಕ್ಕ ಹಾಕುವವಳು ಶಿಕ್ಷಕಿ. ಇದಕ್ಕೆ ಗಂಟಲಿಗಿಂತ ಲೇಖನಿಯೇ ಹೆಚ್ಚು ಬೇಕು.

ಪರಿವಾರ

ಕಾಲೇಜು ವಾಲಿಬಾಲ್ ಪೂರ್ಣಪ್ರಮಾಣದ ವೃತ್ತಿಯಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ 2023ರ ಆಗಸ್ಟ್ 30ರಂದು ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಹುಡುಗಿಯರ ಪಂದ್ಯ ನೋಡಲು 92,003 ಜನ ಸೇರಿದ್ದರೆಂದರೆ ಆ ದೇಶದಲ್ಲಿ ಇದರ ಸ್ಥಾನವನ್ನು ಊಹಿಸಬಹುದು. ಅಂಥ ದೊಡ್ಡ ಕಾಲೇಜುಗಳಲ್ಲಿ ಮುಖ್ಯ ಶಿಕ್ಷಕಿ ಒಬ್ಬಂಟಿಯಲ್ಲ. ಆಕೆಯ ಕೈಕೆಳಗೆ ಸಹಾಯಕ ಶಿಕ್ಷಕರಿರುತ್ತಾರೆ. ಒಬ್ಬರು ಲಿಫ್ಟರುಗಳನ್ನು ತಿದ್ದಿದರೆ ಇನ್ನೊಬ್ಬರು ಬ್ಲಾಕ್ ಮತ್ತು ರಕ್ಷಣೆಯನ್ನು ನೋಡಿಕೊಳ್ಳುತ್ತಾರೆ. ಹೈಸ್ಕೂಲುಗಳಿಗೆ ಅಲೆದು, ಪ್ರತಿಭೆಯುಳ್ಳ ಹುಡುಗಿಯರನ್ನು ಗುರುತಿಸಿ, ವಿದ್ಯಾರ್ಥಿವೇತನದ ಭರವಸೆಯಿತ್ತು ಕರೆತರುವುದು ಕೂಡ ಇವರ ಹೊಣೆ. ಉಳುಕು, ನೋವು, ಗಾಯಗಳ ಆರೈಕೆಗೆ ಪರಿಣತರೊಬ್ಬರು. ದೇಹಬಲವನ್ನು ಬೆಳೆಸುವುದಕ್ಕೆ ಮತ್ತೊಬ್ಬರು. ಆಟಗಾರ್ತಿಯರು ಚೆಂಡನ್ನು ಮುಟ್ಟಿದ ಪ್ರತಿ ಸಲವನ್ನೂ ಗಣಕಯಂತ್ರದಲ್ಲಿ ದಾಖಲಿಸಿ, ವೀಡಿಯೊದೊಡನೆ ಹೊಂದಿಸಿ, ಎದುರಾಳಿಯ ಗುಟ್ಟನ್ನು ಬಿಡಿಸಿಡುವವರು ಬೇರೆ. ಪ್ರಯಾಣ, ಊಟ, ವಸತಿ, ಹಣದ ಲೆಕ್ಕಕ್ಕೆ ಒಬ್ಬ ವ್ಯವಸ್ಥಾಪಕರು. ಪಾಠದಲ್ಲಿ ಹಿಂದೆ ಬಿದ್ದವರು ಆಡುವ ಅರ್ಹತೆಯನ್ನೇ ಕಳೆದುಕೊಳ್ಳುವುದರಿಂದ ಓದಿನ ಮೇಲೆ ಕಣ್ಣಿಡಲು ಸಲಹೆಗಾರರು. ಕೊನೆಯದಾಗಿ, ಚೆಂಡು ಹೆಕ್ಕುವ, ಬಲೆ ಕಟ್ಟುವ ವಿದ್ಯಾರ್ಥಿ ಮ್ಯಾನೇಜರುಗಳು. ಈ ಪರಿವಾರವೇ ಮುಂದಿನ ಶಿಕ್ಷಕಿಯರ ಪಾಠಶಾಲೆ. ಇಂದು ಸಹಾಯಕಳಾಗಿರುವವಳು ನಾಳೆ ಸಣ್ಣ ಕಾಲೇಜೊಂದರ ಮುಖ್ಯಸ್ಥೆ, ಆಮೇಲೆ ದೊಡ್ಡ ಕಾಲೇಜಿಗೆ. ಏಣಿ ಇರುವುದು ಹೀಗೆ.

ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಯುವಿಕೆ

ಆದರೆ ಈ ಏಣಿಯ ತುದಿಗೆ ಹೆಣ್ಣೊಬ್ಬಳು ಏರಲು ಹಿಡಿದ ಕಾಲವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1972ರಲ್ಲಿ ಅಮೆರಿಕದಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂದಿತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂಬುದು ಇದರ ಸಾರ. ಆಗ ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವನ್ನು ಹೆಂಗಸರೇ ನಡೆಸುತ್ತಿದ್ದರು. ಅವರಲ್ಲಿ ಅನೇಕರಿಗೆ ಸಂಬಳವೇ ಇಲ್ಲ, ಇದ್ದರೂ ಅಷ್ಟಕ್ಕಷ್ಟೆ. ಕಾನೂನು ಬಂದ ಮೇಲೆ ಹುಡುಗಿಯರ ಆಟಕ್ಕೆ ಹಣ ಹರಿಯಿತು. ಹಣದೊಡನೆ ಸಂಬಳ ಬಂದಿತು, ಸಂಬಳದೊಡನೆ ಗಂಡಸರು ಬಂದರು. ಕಾಲಕ್ರಮದಲ್ಲಿ ಹೆಂಗಸರ ಪಾಲು ಅರ್ಧಕ್ಕಿಂತಲೂ ಕೆಳಗಿಳಿಯಿತು. ಆಡುವ ಹುಡುಗಿಯರು ಹೆಚ್ಚಿದರು, ಆಡಿಸುವ ಹೆಂಗಸರ ಪಾಲು ಕುಗ್ಗಿತು.

ಅಲ್ಲಿನ ಕಾಲೇಜುಗಳ ಮಹಿಳಾ ವಾಲಿಬಾಲ್‌ಗೆ ಎನ್.ಸಿ.ಎ.ಎ. ಚಾಂಪಿಯನ್‌ಷಿಪ್ ಆರಂಭವಾದುದು 1981ರಲ್ಲಿ. ಅದರ ಮೊದಲ ದರ್ಜೆಯಲ್ಲಿ ಮಹಿಳೆಯೊಬ್ಬಳ ಶಿಕ್ಷಣದಲ್ಲಿ ತಂಡವೊಂದು ಗೆದ್ದುದು 2024ರ ಡಿಸೆಂಬರಿನಲ್ಲಿ! ಆ ಮಹಿಳೆ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದ ಕೇಟಿ ಶೂಮೇಕರ್ ಕಾಲಿ. 1999ರಲ್ಲಿ ಅದೇ ವಿಶ್ವವಿದ್ಯಾನಿಲಯ ಮೊದಲ ಬಾರಿಗೆ ಗೆದ್ದಾಗ ಆಕೆ ಅದರ ಆಟಗಾರ್ತಿ. ಬೇರೆ ಕಾಲೇಜುಗಳಲ್ಲಿ ವರ್ಷಗಟ್ಟಲೆ ಶಿಕ್ಷಕಿಯಾಗಿ ದುಡಿದು, 2018ರಲ್ಲಿ ತನ್ನ ಹಳೆಯ ಗುರು ರಸ್ ರೋಸ್ ಅವರ ಬಳಿಗೆ ಸಹ ಶಿಕ್ಷಕಿಯಾಗಿ ಮರಳಿದಳು. ಗುರು ನಿವೃತ್ತರಾದಾಗ, 2022ರಲ್ಲಿ, ಆ ಪೀಠ ಆಕೆಗೆ ಬಂದಿತು. ಗೆದ್ದ ವರ್ಷವೇ ಆಕೆಗೆ ಸ್ತನದ ಕ್ಯಾನ್ಸರ್ ಇರುವುದು ತಿಳಿದಿತ್ತು. ಚಿಕಿತ್ಸೆ ಪಡೆಯುತ್ತಲೇ ಆಕೆ ತಂಡವನ್ನು ನಡೆಸಿದಳು. ಸೆಮಿಫೈನಲಿನಲ್ಲಿ ಎರಡು ಸೆಟ್ ಸೋತಿದ್ದ ತಂಡ ಉಳಿದ ಮೂರನ್ನೂ ಗೆದ್ದು ಅಂತಿಮ ಹಂತಕ್ಕೆ ಬಂದಿತು. ಅಲ್ಲಿ ಎದುರಾದ ಲೂಯಿವಿಲ್ ತಂಡದ ಶಿಕ್ಷಕಿಯೂ ಮಹಿಳೆಯೇ: ಡ್ಯಾನಿ ಬುಸ್‌ಬೂಮ್ ಕೆಲಿ. ಯಾರು ಗೆದ್ದರೂ ಇತಿಹಾಸವಾಗುತ್ತಿತ್ತು. ಪೆನ್ ಸ್ಟೇಟ್ 3-1ರಿಂದ ಗೆದ್ದಿತು. ಕೆಲಿ ಕೂಡ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿದವಳೇ: 2006ರಲ್ಲಿ ನೆಬ್ರಾಸ್ಕದ ಆಟಗಾರ್ತಿಯಾಗಿ, 2015ರಲ್ಲಿ ಅಲ್ಲಿಯೇ ಸಹಾಯಕ ಶಿಕ್ಷಕಿಯಾಗಿ ಚಾಂಪಿಯನ್ ಆಗಿದ್ದಳು. 2025ರಲ್ಲಿ ಆಕೆ ನೆಬ್ರಾಸ್ಕದ ಮುಖ್ಯ ಶಿಕ್ಷಕಿಯಾದಳು.

ನಮ್ಮ ಏಷ್ಯಾ ಖಂಡದಲ್ಲಿಯೂ ಉದಾಹರಣೆಯುಂಟು. ಚೀನದ ಲಾಂಗ್ ಪಿಂಗ್ 1984ರಲ್ಲಿ ಆಟಗಾರ್ತಿಯಾಗಿ, 2016ರಲ್ಲಿ ಶಿಕ್ಷಕಿಯಾಗಿ ಒಲಿಂಪಿಕ್ ಚಿನ್ನ ಗೆದ್ದಳು.

ನಮ್ಮಲ್ಲಿಯ ದಾರಿ

ಇನ್ನು ನಮ್ಮ ನಾಡಿನ ವಿಷಯ. ನಮ್ಮ ಕಾಲೇಜುಗಳಲ್ಲಿ ವಾಲಿಬಾಲ್‌ಗೆಂದೇ ಪ್ರತ್ಯೇಕ ಶಿಕ್ಷಕಿಯನ್ನು ನೇಮಿಸುವ ಪದ್ಧತಿಯಿಲ್ಲ. ದೈಹಿಕ ಶಿಕ್ಷಣ ನಿರ್ದೇಶಕರೆಂಬ ಒಂದು ಹುದ್ದೆಯುಂಟು. ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ, ಜಿಗಿತ ಎಲ್ಲವೂ, ಹುಡುಗರದೂ ಹುಡುಗಿಯರದೂ, ಆ ಒಬ್ಬರ ಪಾಲಿಗೆ. ಚೆಂಡು ಕೊಳ್ಳುವವರು, ಬಿಲ್ಲು ಬರೆಯುವವರು, ಸುಣ್ಣದ ಗೆರೆ ಎಳೆಸುವವರು ಅವರೇ. ಅಮೆರಿಕದಲ್ಲಿ ಹತ್ತು ಮಂದಿ ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಬ್ಬರು ಹೊರುತ್ತಾರೆ.

ಆ ಹುದ್ದೆಗೆ ಹೋಗುವ ದಾರಿ ಇದು: ಪದವಿಯ ನಂತರ ಬಿ.ಪಿ.ಎಡ್., ಅನಂತರ ಎಂ.ಪಿ.ಎಡ್.ನಲ್ಲಿ ನೂರಕ್ಕೆ 55 ಅಂಕ, ಆಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ. ಯು.ಜಿ.ಸಿ.ಯ 2018ರ ನಿಯಮಾವಳಿಯ ಪ್ರಕಾರ ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಆಡಿದ ದಾಖಲೆಯಂಥದು ಬೇಕು; ದೇಹದಾರ್ಢ್ಯದ ಪರೀಕ್ಷೆಯೂ ಉಂಟು. 30 ವರ್ಷದೊಳಗಿನ ಮಹಿಳೆ 8 ನಿಮಿಷದಲ್ಲಿ 1000 ಮೀಟರ್ ಕ್ರಮಿಸಬೇಕು. ಒಂದೇ ಆಟದಲ್ಲಿ ಪರಿಣತಿ ಪಡೆದು ಕೋಚ್ ಆಗಬಯಸುವವರಿಗೆ 1961ರಲ್ಲಿ ಪಟಿಯಾಲದ ಅರಮನೆಯೊಂದರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಅಲ್ಲಿಯ ಡಿಪ್ಲೊಮಾಕ್ಕೆ ದೇಶದಲ್ಲೆಲ್ಲ ಬೆಲೆಯುಂಟು.

ಹುದ್ದೆಗಳು ವಿರಳ, ನೇಮಕಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಡಕೆಂದರೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿಯ ಕಡೆಯಿಂದ ಬರುವ ಮಳೆಗೆ ಮೈದಾನ ಗದ್ದೆಯಾಗುತ್ತದೆ. ಮಳೆ ಬಿಟ್ಟು ನೆಲ ಒಣಗುವಷ್ಟರಲ್ಲಿ ಪಂದ್ಯದ ದಿನ ಬಂದಿರುತ್ತದೆ.

ನಾವೇ ಪರಿವಾರ

ಹೋದ ವರ್ಷದ ಅಂತರ ಕಾಲೇಜು ಪಂದ್ಯದ ಒಂದು ಘಟನೆ ಹೇಳುತ್ತೇನೆ. ಹುಡುಗಿಯರ ತಂಡ ಹೊರಟಾಗ ಜೊತೆಗೆ ಅಧ್ಯಾಪಿಕೆಯೊಬ್ಬರು ಬರುವುದು ವಾಡಿಕೆ. ನಮ್ಮೊಡನೆ ಬಂದವರು ಇತಿಹಾಸ ಬೋಧಿಸುವ ಮೇಡಂ. ಎರಡನೆಯ ಸೆಟ್ಟಿನಲ್ಲಿ ನಮ್ಮ ಲಿಫ್ಟರಿನ ಕಾಲು ಉಳುಕಿತು. ಮೇಡಂ ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಮಂಜುಗಡ್ಡೆ ತರಿಸಿ, ಟವಲಿನಲ್ಲಿ ಸುತ್ತಿ, ಆಕೆಯ ಪಾದವನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒತ್ತುತ್ತ ಕುಳಿತರು. ಬದಲಿ ಆಟಗಾರ್ತಿಯಾಗಿದ್ದ ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟು, “ಸುಮ್ಮನೆ ಕೂರಬೇಡಮ್ಮ, ನಾವು ಕಳೆದುಕೊಂಡ ಅಂಕವೆಲ್ಲ ಯಾವುದರಿಂದ ಹೋಯಿತು ಬರಿ” ಎಂದರು. ಆ ಸೆಟ್ ಸೋತೆವು. ಲೆಕ್ಕ ನೋಡಿದಾಗ, ಬಿಟ್ಟುಕೊಟ್ಟ 25 ಅಂಕಗಳಲ್ಲಿ 9 ನಮ್ಮದೇ ಸರ್ವಿಸ್ ತಪ್ಪಿನಿಂದ ಹೋಗಿದ್ದವು. ಎದುರಾಳಿಯ ಹೊಡೆತಕ್ಕೆ ಹೆದರಿದ್ದ ನಮಗೆ ಆ ಪುಟ ಕಣ್ಣು ತೆರೆಸಿತು. ಊರಿಗೆ ಬಂದ ಮೇಲೆ ಪ್ರತಿ ಸಂಜೆ ಒಬ್ಬೊಬ್ಬರೂ 50 ಸರ್ವಿಸ್ ಹೊಡೆಯತೊಡಗಿದೆವು. ಈ ವರ್ಷ ಒಂದು ಸುತ್ತು ಮುಂದೆ ಹೋದೆವು. ದೊಡ್ಡ ಗೆಲುವೇನಲ್ಲ, ಆದರೆ ಎಲ್ಲಿಂದ ಬಂತೆಂದು ನಮಗೆ ಗೊತ್ತಿತ್ತು.

ಅಂಕಿ-ಅಂಶದವರು, ಆರೈಕೆಯವರು, ವ್ಯವಸ್ಥಾಪಕರು ಎಂದು ಮೇಲೆ ಪಟ್ಟಿ ಮಾಡಿದೆನಲ್ಲ, ಆ ಕೆಲಸಗಳು ನಮ್ಮಲ್ಲಿಯೂ ನಡೆಯುತ್ತವೆ, ಹೆಸರಿಲ್ಲ, ಅಷ್ಟೆ. ಆದುದರಿಂದ ಕಿರಿಯ ಸೋದರಿಯರಲ್ಲಿ ನನ್ನ ವಿನಂತಿ: ತಂಡದ ಆರು ಮಂದಿಯಲ್ಲಿ ಸ್ಥಾನ ಸಿಗಲಿಲ್ಲವೆಂದು ಮೈದಾನ ಬಿಡಬೇಡಿ. ಒಬ್ಬಳು ಲೆಕ್ಕ ಬರೆಯಲಿ, ಒಬ್ಬಳು ಪ್ರಥಮ ಚಿಕಿತ್ಸೆ ಕಲಿಯಲಿ, ಒಬ್ಬಳು ನಿಯಮ ಓದಿ ರೆಫರಿಯಾಗಲಿ. ಅಧ್ಯಾಪಕರಲ್ಲಿಯೂ ಒಂದು ಬಿನ್ನಹ: ಆ ನೋಟುಪುಸ್ತಕವನ್ನು ದಯವಿಟ್ಟು ವರ್ಷದಿಂದ ವರ್ಷಕ್ಕೆ ಮುಂದುವರಿಸಿ.

ಇಷ್ಟನ್ನೂ ಅವ್ವನಿಗೆ ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಕ್ಯಾನ್ಸರಿದ್ದರೂ ಕೆಲಸ ಬಿಡದ ಆ ಹೆಂಗಸಿನ ಕಥೆಯನ್ನು ಎರಡು ಸಲ ಕೇಳಿದಳು. ಕೊನೆಗೆ, “ಹಂಗಾದ್ರೆ ಅದೂ ಮೇಷ್ಟ್ರ ಕೆಲಸಾನೇ ಅನ್ನು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅರ್ಜಿಗೆ ಎಷ್ಟಾಗ್ತದೆ?” ಎಂದು ಕೇಳಿದಳು. ಹೊಟ್ಟೆ ತುಂಬುವುದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವನ್ನು ಕಾಲವೇ ಹೇಳಬೇಕು. ಬಿ.ಪಿ.ಎಡ್. ಅರ್ಜಿಯನ್ನಂತೂ ನಾನು ತುಂಬುತ್ತೇನೆ.