ಹತ್ತುವಾಗ ಮೆಟ್ಟಿಲು, ಇಳಿಯುವಾಗ ರಸ್ತೆ

ನಾನು ಮೈಸೂರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಚಾಮುಂಡಿ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಪ್ರತಿ ಸಲವೂ ಬಸ್ಸಿನಲ್ಲೇ. ನೆಂಟರು ಬಂದರೆಂದರೆ ಬೆಟ್ಟ ತೋರಿಸಲೇಬೇಕಲ್ಲ! ಕ್ಯೂ ನಿಂತು ದರ್ಶನ ಮಾಡಿಸುವುದು, ಮಹಿಷಾಸುರನ ಮುಂದೆ ಫೋಟೋ ತೆಗೆಸುವುದು, ಓಡಿ ಬಂದು ಅಡುಗೆಗಿಡುವುದು. ಇಷ್ಟೇ ನನಗೆ ಗೊತ್ತಿದ್ದ ಬೆಟ್ಟ.

ಮೂರು ವರ್ಷದ ಹಿಂದೆ ನನಗೆ ಗರ್ಭಕೋಶದ ಆಪರೇಷನ್ ಆಯಿತು. ನಮ್ಮ ಅತ್ತೆ ಆಸ್ಪತ್ರೆಗೆ ಒಂದೇ ಒಂದು ಸಲ ಬಂದು, ಬಾಗಿಲಲ್ಲೇ ನಿಂತು ನೋಡಿ ಹೊರಟುಹೋದರು. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಆಮೇಲೆ ಅವರೂ ತೀರಿಕೊಂಡರು. ವರ್ಷದ ತಿಥಿ ಮುಗಿದ ಸಂಜೆ ಪಾತ್ರೆ ಒರೆಸುತ್ತಾ ನನ್ನ ವಾರಗಿತ್ತಿ ಹೇಳಿದಳು: “ಅಕ್ಕ, ಅತ್ತೆ ನಿಮ್ಮ ಹೆಸರಲ್ಲಿ ಹರಕೆ ಹೊತ್ತಿದ್ರು. ನೀವು ಗುಣವಾಗಿ ಮನೆಗೆ ಬಂದ್ರೆ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ತೀನಿ ಅಂತ. ಮಂಡಿನೋವಲ್ಲಿ ಆಗಲೇ ಇಲ್ಲ. ಯಾರಿಗೂ ಹೇಳಬೇಡ ಅಂದಿದ್ರು.”

ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನಿಂತುಬಿಟ್ಟೆ. ಆಮೇಲೆ, “ನಾವಿಬ್ಬರೂ ಹೋಗೋಣ” ಎಂದೆ.

ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೇ ನಾವು ಮಾರ್ಗಶಿರದ ಒಂದು ಬುಧವಾರ ಆರಿಸಿಕೊಂಡೆವು. ಮಳೆ ನಿಂತು ಕಾಡು ಇನ್ನೂ ಹಸಿರಾಗಿರುತ್ತದೆ, ಬಿಸಿಲೂ ಹಿತ. ಚೆನ್ನಾಗಿ ಬೆಳಕಾದ ಮೇಲೆಯೇ ಹೊರಡಿ, ಸಹೋದರಿಯರೇ. ಈ ಕಾಡಿನಲ್ಲಿ ಚಿರತೆಗಳುಂಟು. ಒಬ್ಬೊಬ್ಬರೇ ಹೋಗುವುದು ಬೇಡ.

ಮೆಟ್ಟಿಲು ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು. 1659ರಿಂದ 1673ರವರೆಗೆ ಆಳಿದವರು. ಸಾವಿರ ಮೆಟ್ಟಿಲೆಂದು ವಾಡಿಕೆ. ನಾನು ಅರಿಶಿನ, ಅವಳು ಕುಂಕುಮ ಎಂದು ಹಂಚಿಕೊಂಡೆವು. ಪಾದದ ಹತ್ತಿರದ ಮೆಟ್ಟಿಲುಗಳಲ್ಲೇ ಏದುಸಿರು ಬಂತು. ಪ್ರತಿ ಮೆಟ್ಟಿಲಿಗೂ ಬಗ್ಗಿ ಏಳುವುದೆಂದರೆ ಸೊಂಟಕ್ಕೆ ಎಂಥ ಶಿಕ್ಷೆ ಎಂದು ಹಚ್ಚಿದವರಿಗೇ ಗೊತ್ತು. ಐವತ್ತು ಮೆಟ್ಟಿಲಿಗೊಮ್ಮೆ ನಿಂತೆವು. ನಿಂತಾಗಲೆಲ್ಲ ಹಿಂದಿರುಗಿ ನೋಡಿದರೆ ಊರು ಒಂದಿಷ್ಟು ಕೆಳಗಿಳಿದಿರುತ್ತಿತ್ತು. ಪೊದೆಯೊಳಗಿಂದ ನವಿಲಿನ ಕೂಗು. ಬಸ್ಸಿನಲ್ಲಿ ಕೂತು ಹೋದವರಿಗೆ ಇದೆಲ್ಲ ಎಲ್ಲಿ ಕೇಳಬೇಕು?

ಸುಮಾರು ಏಳುನೂರು ಮೆಟ್ಟಿಲಾದಾಗ ನಂದಿ. ಒಂದೇ ಕಲ್ಲಿನಲ್ಲಿ ಕಡೆದದ್ದು. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ. ಅಲ್ಲಿ ಕೂತು ನೀರು ಕುಡಿದೆವು. ತಿಂಡಿ ಮಾತ್ರ ಬಿಚ್ಚಬೇಡಿ. ಕೋತಿಗಳು ಕೈಚೀಲವನ್ನೇ ಎಳೆದುಕೊಂಡು ಹೋಗುತ್ತವೆ. ಅಲ್ಲಿಂದ ಉಳಿದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಏಳಂತಸ್ತಿನ ಗೋಪುರ. ಅದನ್ನು 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಕೊನೆಯ ಮೆಟ್ಟಿಲಿಗೆ ಅರಿಶಿನ ಹಚ್ಚಿ ದೇವಿಯ ಮುಂದೆ ನಿಂತಾಗ ನನಗಾಗಿ ಏನೂ ಬೇಡಲು ತೋಚಲಿಲ್ಲ.

ಇನ್ನು ಮುಖ್ಯವಾದ ಮಾತು. ಹತ್ತಿದ ಮೆಟ್ಟಿಲಲ್ಲೇ ಪೂರ್ತಿ ಇಳಿಯಬೇಡಿ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ದೇಹದ ಭಾರವೆಲ್ಲ ಮಂಡಿಯ ಮೇಲೇ ಬೀಳುವುದು ಆಗ. ಆದ್ದರಿಂದ ಮೇಲಿನಿಂದ ಮೋಟಾರು ರಸ್ತೆ ಹಿಡಿದು, ಕವಲಿನಲ್ಲಿ ನಂದಿಯ ಕಡೆ ತಿರುಗಿ. ಬೆಟ್ಟದ ಪಕ್ಕೆ ಬಳಸಿಕೊಂಡು ಆರಾಮವಾಗಿ ನಂದಿಯವರೆಗೆ ಬರಬಹುದು. 2021ರ ಅಕ್ಟೋಬರ್ ಮಳೆಯಲ್ಲಿ ಈ ನಂದಿ ರಸ್ತೆ ಕುಸಿದಿತ್ತು. ಹೊರಡುವ ಮುಂಚೆ ಮೇಲೆ ಅಂಗಡಿಯವರನ್ನು ಕೇಳಿಕೊಳ್ಳಿ. ಮಳೆಗಾಲದಲ್ಲಿ ಆ ದಾರಿ ಬೇಡವೇ ಬೇಡ.

ನೋಟವೆಲ್ಲ ಇರುವುದು ಈ ಇಳಿಜಾರಿನಲ್ಲೇ. ಕೆಳಗೆ ಬೆಳ್ಳಗೆ ಲಲಿತಮಹಲು, ಆಚೆ ಕಾರಂಜಿ ಕೆರೆ, ಕುದುರೆ ಓಟದ ಮೈದಾನದ ಹಸಿರು ಬಳೆ, ಊರ ನಡುವೆ ಅರಮನೆಯ ಗೋಪುರಗಳು. ನಮ್ಮ ಬೀದಿ ಎಲ್ಲಿರಬಹುದೆಂದು ಇಬ್ಬರೂ ಬೆರಳು ತೋರಿಸಿ ವಾದ ಮಾಡಿದೆವು. ವಾರಗಿತ್ತಿ ಅತ್ತೆಯ ಸುದ್ದಿ ತೆಗೆದಳು. ಆಸ್ಪತ್ರೆಯ ವಾಸನೆಗೆ ಅವರಿಗೆ ತಲೆ ಸುತ್ತುತ್ತಿತ್ತಂತೆ. ಮಾವನವರು ಅಲ್ಲೇ ಹೋದದ್ದು, ಅದಕ್ಕೇ ಬಾಗಿಲು ದಾಟಲಿಲ್ಲವಂತೆ. “ನನಗೆ ಯಾಕೆ ಹೇಳಲಿಲ್ಲ?” ಎಂದೆ. “ನೀವು ಕೇಳಲಿಲ್ಲ ಅಲ್ವೇ ಅಕ್ಕ” ಎಂದಳು. ಉತ್ತರ ಕೊಡಲಾಗಲಿಲ್ಲ.

ನಂದಿಯ ಹತ್ತಿರ ಮತ್ತೆ ಮೆಟ್ಟಿಲು ಹಿಡಿದೆವು. ಮಂಡಿ ಸೋತವರು ಇಲ್ಲಿಂದ ಆಟೋ ಸಿಕ್ಕರೆ ಹತ್ತುವುದೇ ವಾಸಿ. ನಾವು ಮಾತ್ರ ಅಡ್ಡಡ್ಡ ಹೆಜ್ಜೆಯಿಟ್ಟು ಮೆಲ್ಲಗೆ ಇಳಿದೆವು. ಬೆಳಿಗ್ಗೆ ನಾವೇ ಹಚ್ಚಿದ ಅರಿಶಿನ ಕುಂಕುಮ ಅಲ್ಲಲ್ಲಿ ಕಾಲ್ತುಳಿತಕ್ಕೆ ಅಳಿಸಿತ್ತು, ಎಷ್ಟೋ ಮೆಟ್ಟಿಲಲ್ಲಿ ಹಾಗೇ ಇತ್ತು. ಅದನ್ನು ತುಳಿಯದ ಹಾಗೆ ಪಕ್ಕಕ್ಕೆ ಕಾಲಿಟ್ಟೆವು.

ಪಾದದ ಬಳಿ ಬಂದ ಮೇಲೆ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ಅದು ಅತ್ತೆ ಕೈಯಾರೆ ಹಾಕಿದ್ದ ಕೊನೆಯ ಜಾಡಿಯದು. ಇಷ್ಟು ದಿನ ಮುಗಿದುಹೋದೀತೆಂದು ನಾನೇ ಮುಟ್ಟದೆ ಇಟ್ಟಿದ್ದೆ.