ಮನೆಯಲ್ಲಿ ಕಟ್ಟಿದ ಡ್ರೋನು

ಆಕಾಶದಿಂದ ಛಾಯಾಚಿತ್ರ ತೆಗೆಯಲು ವಿಮಾನವನ್ನೇ ಏರಬೇಕಾದ ಕಾಲ ಹೋಯಿತು. ಬಿಡಿಭಾಗಗಳನ್ನು ತಂದು, ಮನೆಯ ಮೇಜಿನ ಮೇಲೆಯೇ ನಾಲ್ಕು ಪಂಖಗಳ ಡ್ರೋನನ್ನು ಜೋಡಿಸಬಹುದೆಂಬುದನ್ನು ನಾವು ಮಕ್ಕಳೊಡನೆ ಮಾಡಿ ಕಂಡೆವು.

ಇದರ ಮರ್ಮ ಸರಳ. ಓರೆಯಾಗಿ ಎದುರುಬದುರಿರುವ ಎರಡು ಪಂಖಗಳು ಬಲಕ್ಕೆ ತಿರುಗಿದರೆ ಉಳಿದೆರಡು ಎಡಕ್ಕೆ ತಿರುಗುತ್ತವೆ. ಇಲ್ಲವಾದರೆ ಯಂತ್ರವೇ ಬುಗುರಿಯಂತೆ ಸುತ್ತೀತು. ಯಂತ್ರ ವಾಲಿದೊಡನೆ ಗೈರೋಸ್ಕೋಪು ಅದನ್ನರಿಯುತ್ತದೆ. ನಿಯಂತ್ರಕವು ಆಯಾ ಮೋಟಾರಿನ ವೇಗವನ್ನು ಹೆಚ್ಚುಕಡಿಮೆ ಮಾಡಿ ಸಮತೋಲ ಕಾಯುತ್ತದೆ. ಪಂಖದ ಒಂದು ಬದಿ ತುಸು ಭಾರವಾದರೂ ನಡುಕ ಹುಟ್ಟಿ ಚಿತ್ರ ಕೆಡುತ್ತದೆ. ಆದ್ದರಿಂದ ದುಬಾರಿ ಕ್ಯಾಮರಾ ಕೊಳ್ಳುವ ಮೊದಲು ಪಂಖಗಳನ್ನು ಸರಿತೂಗಿಸಿ, ಕ್ಯಾಮರಾದ ಅಡಿಗೆ ಮೆತ್ತನೆಯ ರಬ್ಬರು ಇಡಬೇಕು.

ಮನೆಯೊಳಗೆ ಮೋಟಾರನ್ನು ಪರೀಕ್ಷಿಸುವಾಗ ಪಂಖಗಳನ್ನು ಕಳಚಿಡಲೇಬೇಕು. ಅವು ಮಕ್ಕಳ ಬೆರಳನ್ನು ಕೊಯ್ಯಬಲ್ಲವು. ಲಿಥಿಯಂ ಬ್ಯಾಟರಿಯನ್ನು ಯಾರೂ ಇಲ್ಲದಾಗ ಚಾರ್ಜಿಗೆ ಹಾಕಲಾಗದು.

2021ರ ಡ್ರೋನ್ ನಿಯಮಗಳಂತೆ 250 ಗ್ರಾಂವರೆಗಿನ ಡ್ರೋನು ಹಾರಿಸಲು ಚಾಲಕ ಪ್ರಮಾಣಪತ್ರ ಬೇಕಿಲ್ಲ. ಆದರೂ ನೋಂದಣಿಯ ಕಟ್ಟಳೆಯನ್ನು ತಿಳಿದು, ಸರಕಾರದ ನಕ್ಷೆಯಲ್ಲಿ ಹಸಿರು ವಲಯವನ್ನು ನೋಡಿ, ಊರಿನ ಪೊಲೀಸರ ನಿಷೇಧವಿದೆಯೇ ಎಂದು ವಿಚಾರಿಸಿಯೇ ಹಾರಿಸತಕ್ಕದ್ದು. ನೆರೆಮನೆಯ ಕಿಟಕಿಯತ್ತ ಕ್ಯಾಮರಾ ತಿರುಗದಿರಲಿ. ಪರವೂರಿನಲ್ಲಿ ಬಾಳುವ ನಮಗೆ ನೆರೆಯವರ ವಿಶ್ವಾಸವೇ ದೊಡ್ಡ ಆಸ್ತಿ.